ಉಪಗ್ರಹ ಚಿತ್ರ ರಾಶಿ ರಾಶಿ ಇದ್ರೂ ಕಡಲ ನೆರೆ ಮುನ್ಸೂಚನೆ ಯಾಕೆ ತಪ್ಪುತ್ತೆ?

ಮರಳುದಿಬ್ಬ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೊಳ್ದೆ ಓದಿ. ಎಂಟೊಂಬತ್ತು ತಿಂಗಳಿಂದ ಒಂದು ಪ್ರಾಜೆಕ್ಟ್ ಹಿಡ್ಕೊಂಡು ಕೂತಿದೀನಿ, ಚಂಡಮಾರುತ ಬಂದಾಗ ಕಡಲ ನೀರು ಎಲ್ಲಿ ತನಕ ಒಳಗೆ ನುಗ್ಗುತ್ತೆ ಅಂತ ಮೊದಲೇ ಹೇಳೋ ಮಾಡೆಲ್. ನಾನು ಇಮೇಜ್ ಪ್ರಾಸೆಸಿಂಗ್ ಕಡೆಯವನು, ಸಮುದ್ರದ ವಿಷಯ ಅಷ್ಟಕ್ಕಷ್ಟೆ. ಅದಕ್ಕೇ ಗೊತ್ತಿರೋ ದಾರೀಲೇ ಹೋದೆ. ಸೆಂಟಿನೆಲ್-1 ಅನ್ನೋ ಉಪಗ್ರಹದ ರೇಡಾರ್ ಚಿತ್ರಗಳನ್ನ ಇಳಿಸ್ಕೊಂಡೆ, ನೀರ್ಯಾವ್ದು ನೆಲ ಯಾವ್ದು ಅಂತ ಗುರ್ತಿಸೋಕೆ ಒಂದು ಯು-ನೆಟ್ (ಚಿತ್ರ ವಿಂಗಡಿಸೋ ನ್ಯೂರಲ್ ನೆಟ್‌ವರ್ಕ್) ಟ್ರೇನ್ ಮಾಡ್ದೆ, ಅದು ಚೆನ್ನಾಗೇ ಬಂತು. ಆಮೇಲೆ ಒಂದು ಹಳೇ ಚಂಡಮಾರುತ ತಗೊಂಡು ನೆರೆ ಲೆಕ್ಕ ಹಾಕೋ ಸಾಫ್ಟ್‌ವೇರ್ ಸ್ಫಿಂಕ್ಸ್‌ನಲ್ಲಿ ನೆರೆ ರನ್ ಮಾಡಿ, ಚಿತ್ರದ ನೀರನ್ನೂ ಮಾಡೆಲ್ ನೀರನ್ನೂ ಒಂದರ ಮೇಲೊಂದು ಇಟ್ಟು ನೋಡಿದ್ರೆ ತಲೆ ಕೆಟ್ಟೋಯ್ತು. ಚಿತ್ರದಲ್ಲಿ ನೀರು ನಿಂತಿರೋ ಕಡೆ ಮಾಡೆಲ್ ಒಣಗಿದೆ ಅನ್ನುತ್ತೆ, ಮಾಡೆಲ್ ಮುಳುಗಿಸಿರೋ ಕಡೆ ಚಿತ್ರದಲ್ಲಿ ನೆಲ ಕಾಣ್ತಿದೆ. ಒಂದಕ್ಕೊಂದು ಸಂಬಂಧಾನೇ ಇಲ್ಲ.

ಈಗ ಪ್ರಶ್ನೆ. ಇನ್ನೂ ಜಾಸ್ತಿ ಚಿತ್ರ ತುಂಬಿಸ್ಬೇಕಾ? ಬೇರೆ ಉಪಗ್ರಹ ಸೇರಿಸ್ಬೇಕಾ? ಇಲ್ಲ ಇಡೀ ಐಡಿಯಾನೇ ತಪ್ಪಾ? ಹಾರ್ಡ್‌ಡಿಸ್ಕ್ ಅಂತೂ ತುಂಬೋಗಿದೆ.

ರೇಡಾರ್_ರಂಗ

ಮೊದಲು ಆ ಚಿತ್ರದಲ್ಲಿ ಕಪ್ಪಗೆ ಕಾಣೋದೆಲ್ಲ ನೀರು ಅಂತ ನಂಬೋದು ಬಿಡಿ ಸಾರ್. (ಸಾರ್ ಅಂದ್ರೆ ನಿಮ್ಮನ್ನ ಕರೆದಿದ್ದು, ಈ ಥರದ ರೇಡಾರಿಗೂ ಇಂಗ್ಲಿಷ್‌ನಲ್ಲಿ SAR, ಅಂದ್ರೆ ಸಾರ್ ಅಂತಲೇ ಹೆಸರು ಇರೋದು ನನ್ನ ತಪ್ಪಲ್ಲ.)

ಸೆಂಟಿನೆಲ್-1 ಸುಮಾರು ಐದೂವರೆ ಸೆಂಟಿಮೀಟರ್ ಅಲೆ ಉದ್ದದ ಸಿ-ಬ್ಯಾಂಡ್ ಸಿಗ್ನಲ್ ಓರೆಯಾಗಿ ಬಿಡುತ್ತೆ. ನೀರು ಸಮತಟ್ಟಾಗಿದ್ರೆ ಕನ್ನಡಿ ಥರ ಸಿಗ್ನಲ್ ಆಚೆ ಕಡೆಗೆ ಹಾರಿಹೋಗುತ್ತೆ, ವಾಪಸ್ ಏನೂ ಬರಲ್ಲ, ಅದಕ್ಕೆ ಕಪ್ಪು. ಮೋಡ ಇರ್ಲಿ ರಾತ್ರಿ ಇರ್ಲಿ ಕಾಣುತ್ತೆ, ಚಂಡಮಾರುತದ ಟೈಮಲ್ಲಿ ಸೆಂಟಿನೆಲ್-2 ಥರದ ಕ್ಯಾಮೆರಾ ಉಪಗ್ರಹಕ್ಕೆ ಮೋಡದ ಬೆನ್ನು ಬಿಟ್ಟು ಏನೂ ಕಾಣಲ್ಲ, ಹಾಗಾಗಿ ರೇಡಾರ್ ಆರಿಸ್ಕೊಂಡಿದ್ದು ಸರಿನೇ. ಆದ್ರೆ ಗಾಳಿ ಬೀಸಿ ನೀರು ಒರಟಾದ್ರೆ ಅದೇ ನೀರು ಬೆಳ್ಳಗೆ ಕಾಣುತ್ತೆ. ಇನ್ನು ಕಟ್ಟಡಗಳ ಮಧ್ಯೆ ನೀರು ನಿಂತ್ರೆ ಸಿಗ್ನಲ್ ನೀರಿಗೆ ಬಡಿದು ಗೋಡೆಗೆ ಬಡಿದು ವಾಪಸ್ ಬರುತ್ತೆ, ಮುಳುಗಿದ ಬೀದಿ ಮೊದಲಿಗಿಂತ ಹೊಳೀತಾ ಇರುತ್ತೆ! ಮುಳುಗಿದ ಮರಗಳ ಕೆಳಗೂ ಇದೇ ಕತೆ. ಅದೇ ವಿಮಾನದ ರನ್‌ವೇ, ಒಣಗಿದ ಮರಳು, ನುಣ್ಣಗಿರೋ ಕೆಸರು ಬಯಲು ಇವೆಲ್ಲ ನೀರಿಲ್ದೇನೂ ಕಪ್ಪು.

ಒಂದೇ ಚಿತ್ರ ನೋಡಿ ತೀರ್ಮಾನ ಮಾಡ್ಬೇಡಿ. ಅದೇ ಪಥದಲ್ಲಿ, ಅದೇ ಕೋನದಲ್ಲಿ, ನೆರೆಗೆ ಮುಂಚೆ ತೆಗೆದ ಚಿತ್ರದ ಜೊತೆ ಹೋಲಿಸಿ ಏನು ಬದಲಾಗಿದೆ ಅಂತ ನೋಡಿ. ಮುಂಚಿನ ಚಿತ್ರಾನೂ ಒಂದೇ ಸಾಲಲ್ಲ, ಹತ್ತಿಪ್ಪತ್ತು ತಗೊಂಡು ಸಾಮಾನ್ಯವಾಗಿ ಅಲ್ಲಿ ಏನಿರುತ್ತೆ ಅಂತ ತಿಳ್ಕೊಳ್ಳಿ.

ಉಬ್ಬರಇಳಿತ

ರಂಗಣ್ಣ ಹೇಳಿದ್ದು ಸರಿ, ಆದ್ರೆ ಅದಕ್ಕಿಂತ ಮುಂಚೆ ಒಂದು ಪ್ರಶ್ನೆ. ನಿಮ್ಮ ಚಿತ್ರ ಎಷ್ಟು ಗಂಟೆದು? ದಿನಾಂಕ ಅಲ್ಲ, ಗಂಟೆ.

ನದಿ ನೆರೆ ಆದ್ರೆ ದಿನಗಟ್ಲೆ ನಿಂತಿರುತ್ತೆ, ಉಪಗ್ರಹ ನಾಳೆ ಬಂದ್ರೂ ಕಾಣುತ್ತೆ. ಕಡಲ ಸರ್ಜ್, ಅಂದ್ರೆ ಚಂಡಮಾರುತದಿಂದ ದಡದಲ್ಲಿ ಏರೋ ನೀರು, ಹಾಗಲ್ಲ. ಕೆಲವೇ ಗಂಟೆ ಏರಿ ಇಳಿದು ಹೋಗುತ್ತೆ, ಉಬ್ಬರದ ಜೊತೆ ಸೇರಿದ್ರೆ ಒಂದು ಲೆಕ್ಕ ಇಳಿತದ ಜೊತೆ ಸೇರಿದ್ರೆ ಇನ್ನೊಂದು ಲೆಕ್ಕ. ಸೆಂಟಿನೆಲ್-1 ಒಂದು ಉಪಗ್ರಹ ಅದೇ ಪಥಕ್ಕೆ ವಾಪಸ್ ಬರೋದು 12 ದಿನಕ್ಕೆ, ಎರಡಿದ್ರೆ 6 ದಿನ. 1ಬಿ 2021ರ ಡಿಸೆಂಬರ್‌ನಲ್ಲಿ ಪವರ್ ಕೆಟ್ಟು ನಿಂತೋದ ಮೇಲೆ 1ಸಿ 2024ರ ಡಿಸೆಂಬರ್‌ನಲ್ಲಿ ಹಾರೋ ತನಕ ಮಧ್ಯದ ಮೂರು ವರ್ಷ ಒಂದರಲ್ಲೇ ಕಾಲ ತಳ್ಳಿದ್ವಿ. ಅಕ್ಕಪಕ್ಕದ ಪಥಗಳು ಒಂದರ ಮೇಲೊಂದು ಬರೋದ್ರಿಂದ ಸ್ವಲ್ಪ ಬೇಗ ಸಿಗಬಹುದು. ಅದೂ ಅಲ್ದೆ ಅದರ ಕಕ್ಷೆ ಸೂರ್ಯನ ಜೊತೆ ಲೆಕ್ಕ ಹಾಕಿ ಇಟ್ಟಿರೋದು, ಸ್ಥಳೀಯ ಸಮಯ ಬೆಳಗ್ಗೆ ಆರರ ಆಸುಪಾಸು ಇಲ್ಲ ಸಂಜೆ ಆರರ ಆಸುಪಾಸು ಅಷ್ಟೇ ಬರೋದು. ಚಂಡಮಾರುತ ಅದಕ್ಕೆ ಅನುಕೂಲ ಮಾಡ್ಕೊಂಡು ಬರಲ್ವಲ್ಲ.

ಹಾಗಾಗಿ ಸರ್ಜ್‌ನ ತುತ್ತತುದಿ ಚಿತ್ರದಲ್ಲಿ ಸಿಗೋದು ಅಪರೂಪ. ಸಾಮಾನ್ಯವಾಗಿ ಸಿಗೋದು ಊರು ಕೊಳ್ಳೆ ಹೊಡೆದ ಮೇಲೆ ಹಾಕಿದ ಕೋಟೆ ಬಾಗಿಲು. ನೀವು ಹೋಲಿಸಿದ್ದು ಮಾಡೆಲ್‌ನ ಗರಿಷ್ಠ ನೆರೆ ನಕ್ಷೆ ಜೊತೆ ತಾನೆ? ಎಲ್ರೂ ಅದನ್ನೇ ಮಾಡೋದು, ನಾನೂ ಮಾಡಿದೀನಿ. ಉಪಗ್ರಹ ಹಾದುಹೋದ ಆ ನಿಮಿಷಕ್ಕೆ ಮಾಡೆಲ್ ಏನು ಹೇಳುತ್ತೆ ಅದನ್ನ ತೆಗೆದು ಹೋಲಿಸಿ.

ಮರಳುದಿಬ್ಬ

ಅಯ್ಯೋ. ಈಗ ತಾನೆ ಫೈಲ್ ಹೆಸರಲ್ಲಿ ಟೈಮ್ ನೋಡ್ದೆ. ಚಿತ್ರ ತೆಗೆದಿದ್ದು ಮಾಡೆಲ್ ಪೀಕ್ ಆಗಿ ಹೆಚ್ಚುಕಮ್ಮಿ 14 ಗಂಟೆ ಆದ್ಮೇಲೆ. ಹೌದು, ಗರಿಷ್ಠ ನಕ್ಷೆ ಜೊತೆಗೇ ಹೋಲಿಸಿದ್ದು. ಎಂಟು ತಿಂಗಳು ಇದನ್ನ ಒಬ್ರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ.

ಆದ್ರೂ ಇದರಿಂದ ಅರ್ಧ ಮಾತ್ರ ಬಗೆಹರಿಯುತ್ತೆ. ಮಾಡೆಲ್ ಮುಳುಗಿಸಿ ಚಿತ್ರದಲ್ಲಿ ಒಣಗಿರೋದು ನೀರು ಇಳಿದಿದ್ರಿಂದ ಅನ್ಬಹುದು. ಚಿತ್ರದಲ್ಲಿ ನೀರಿದ್ದು ಮಾಡೆಲ್‌ಗೆ ನೀರೇ ಹೋಗದೇ ಇರೋ ಜಾಗ? ಅಲ್ಲಿಗೆ ಯಾವ ಗಂಟೆಗೂ ನೀರು ಹೋಗೇ ಇಲ್ಲ.

ಮಟ್ಟಗೋಲು

ನೆಲದ ಎತ್ತರಕ್ಕೆ ಯಾವ ಡೆಮ್ (ಎತ್ತರದ ಡಿಜಿಟಲ್ ನಕ್ಷೆ) ಹಾಕಿದೀರಿ?

ಮರಳುದಿಬ್ಬ

ಎಸ್‌ಆರ್‌ಟಿಎಂ ಮೇಡಂ, 30 ಮೀಟರಿಂದು. ಎಲ್ಲಾ ಟ್ಯುಟೋರಿಯಲ್‌ನಲ್ಲೂ ಅದೇ ಇತ್ತು.

ಮಟ್ಟಗೋಲು

ಅಂದ್ಕೊಂಡೆ. ಕೂತ್ಕೊಳ್ಳಿ, ಇದು ಸ್ವಲ್ಪ ದೊಡ್ಡದು.

ಎಸ್‌ಆರ್‌ಟಿಎಂ ಅಂದ್ರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ರೇಡಾರ್‌ನಲ್ಲಿ ಅಳೆದ ಎತ್ತರ. ಆ ಕಾಲಕ್ಕೆ ಪವಾಡ, ಈಗಲೂ ಬೆಟ್ಟ ಗುಡ್ಡಕ್ಕೆ ಪರವಾಗಿಲ್ಲ. ಆದ್ರೆ ಆ ರೇಡಾರ್ ನೆಲ ನೋಡಲ್ಲ, ಮರದ ತಲೆ ಮನೆಯ ಸೂರು ನೋಡುತ್ತೆ. ತಗ್ಗು ಕರಾವಳಿಯಲ್ಲಿ ಸರಾಸರಿ ಸುಮಾರು 2 ಮೀಟರ್ ಎತ್ತರವಾಗಿ ತೋರಿಸುತ್ತೆ. ಸರ್ಜೇ ಎರಡು ಮೂರು ಮೀಟರ್ ಇರುವಾಗ ನೆಲವನ್ನೇ ಎರಡು ಮೀಟರ್ ಎತ್ತಿಟ್ರೆ ನೀರು ಎಲ್ಲಿಗೆ ಹೋಗ್ಬೇಕು? ಮೇಲಾಗಿ ಅದರಲ್ಲಿ ಎತ್ತರ ಇರೋದು ಪೂರ್ಣ ಮೀಟರ್‌ನಲ್ಲಿ, 1, 2, 3 ಅಂತ. ಒಂದೂಕಾಲು ಒಂದೂವರೆ ಅನ್ನೋದೇ ಇಲ್ಲ. ಕರಾವಳಿ ಬಯಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ಕ್ರಾಸ್ ಸೆಕ್ಷನ್ ತೆಗೆದು ನೋಡಿ ನಗು ಬರುತ್ತೆ.

ಇದು ಬರೀ ಟೆಕ್ನಿಕಲ್ ಕಿರಿಕಿರಿ ಅಂದ್ಕೋಬೇಡಿ. 2019ರಲ್ಲಿ ಕ್ಲೈಮೇಟ್ ಸೆಂಟ್ರಲ್‌ನ ಸ್ಕಾಟ್ ಕುಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ ಎಸ್‌ಆರ್‌ಟಿಎಂ ತಪ್ಪನ್ನ ನ್ಯೂರಲ್ ನೆಟ್‌ವರ್ಕ್‌ನಿಂದ ತಿದ್ದಿ ಕೋಸ್ಟಲ್‌ಡೆಮ್ ಅಂತ ಮಾಡಿ ಮತ್ತೆ ಲೆಕ್ಕ ಹಾಕಿದ್ರು. ಈಗಿನ ಉಬ್ಬರದ ಗೆರೆಗಿಂತ ಕೆಳಗಿರೋ ನೆಲದಲ್ಲಿ ಬದುಕ್ತಿರೋ ಜನ ಪ್ರಪಂಚದಲ್ಲಿ ಎಷ್ಟು ಅಂತ. ಹಳೇ ಡೆಮ್ ಪ್ರಕಾರ 2.8 ಕೋಟಿ, ತಿದ್ದಿದ್ಮೇಲೆ 11 ಕೋಟಿ. ಕಡಲು ಒಂದಿಂಚೂ ಏರಿಲ್ಲ, ಬರೀ ನೆಲದ ಅಳತೆ ತಿದ್ದಿದ್ದಕ್ಕೆ ಇಷ್ಟು ವ್ಯತ್ಯಾಸ. ನನ್ನ ಅಭಿಪ್ರಾಯ ಕೇಳಿದ್ರೆ ಕಡಲ ನೆರೆ ವಿಷಯದಲ್ಲಿ ಉಪಗ್ರಹದಿಂದ ಆಗಿರೋ ಅತಿ ದೊಡ್ಡ ಉಪಕಾರ ನೆರೆಯ ಫೋಟೋ ಅಲ್ಲವೇ ಅಲ್ಲ, ಈ ನೆಲದ ಎತ್ತರ. ಫೋಟೋಗೆ ಪೇಪರ್‌ನಲ್ಲಿ ಜಾಗ ಸಿಗುತ್ತೆ, ಎತ್ತರಕ್ಕೆ ಸಿಗಲ್ಲ, ಅಷ್ಟೇ ವ್ಯತ್ಯಾಸ.

ಈಗ ಏನು ಮಾಡ್ಬೇಕು: ಲೈಡಾರ್ (ಲೇಸರ್‌ನಲ್ಲಿ ಅಳೆದ ಎತ್ತರ) ಸಿಕ್ಕಿದ್ರೆ ಬೇರೆ ಯೋಚನೆನೇ ಬೇಡ, ಅದನ್ನೇ ಹಾಕಿ. ಸಿಗದಿದ್ರೆ ಟ್ಯಾಂಡೆಮ್-ಎಕ್ಸ್ ಜೋಡಿ ಉಪಗ್ರಹದಿಂದ ಬಂದ ಕೋಪರ್ನಿಕಸ್ ಡೆಮ್ ಇದೆ, ಅದರಿಂದ ಮರ ಕಟ್ಟಡ ತೆಗೆದು ಮಾಡಿದ ಫ್ಯಾಬ್‌ಡೆಮ್ ಇದೆ. ತಗ್ಗು ಕರಾವಳಿಗೇ ಅಂತ 2024ರಲ್ಲಿ ಬಂದ ಡೆಲ್ಟಾಡಿಟಿಎಂ ಇದೆ, ಅದನ್ನ ಐಸ್‌ಸ್ಯಾಟ್-2 ಮತ್ತೆ ಜೆಡೈ ಅನ್ನೋ ನಾಸಾ ಸಾಧನಗಳು ಬಾಹ್ಯಾಕಾಶದಿಂದ ಮಾಡಿದ ಲೇಸರ್ ಅಳತೆಯಿಂದ ತಿದ್ದಿದಾರೆ, ತಪ್ಪು ಸರಾಸರಿ ಅರ್ಧ ಮೀಟರ್‌ಗಿಂತ ಸ್ವಲ್ಪ ಕಮ್ಮಿ. ನಿಮ್ಮ ಕೆಲಸಕ್ಕೆ ಮೊದಲು ಅದನ್ನ ಹಾಕಿ ನೋಡಿ.

ಡೇಟಮ್, ಅಂದ್ರೆ ಎತ್ತರವನ್ನ ಯಾವ ಸೊನ್ನೆಯಿಂದ ಎಣಿಸಿದಾರೆ ಅನ್ನೋದು, ನೋಡ್ಕೊಳ್ಳಿ, ಇದು ಮರೀಬೇಡಿ. ಎಸ್‌ಆರ್‌ಟಿಎಂ ಇರೋದು ಇಜಿಎಂ96 ಅನ್ನೋ ಜಿಯಾಯ್ಡ್ (ಸರಾಸರಿ ಕಡಲಮಟ್ಟಕ್ಕೆ ಹೊಂದೋ ಮೇಲ್ಮೈ) ಮೇಲೆ, ಕೋಪರ್ನಿಕಸ್ ಇರೋದು ಇಜಿಎಂ2008 ಮೇಲೆ, ಐಸ್‌ಸ್ಯಾಟ್-2 ಎಲಿಪ್ಸಾಯ್ಡ್ (ಭೂಮಿಯ ನುಣುಪಾದ ಗಣಿತದ ಆಕಾರ) ಮೇಲೆ, ನಿಮ್ಮ ಉಬ್ಬರದ ಮಟ್ಟ ಅಳತೆಗೋಲಿನ ಸ್ಥಳೀಯ ಸೊನ್ನೆ ಮೇಲೆ. ಜಿಯಾಯ್ಡ್ ಎಲಿಪ್ಸಾಯ್ಡ್ ವ್ಯತ್ಯಾಸ ಹಿಂದೂ ಮಹಾಸಾಗರದಲ್ಲಿ ಮೈನಸ್ ನೂರು ಮೀಟರ್ ದಾಟುತ್ತೆ, ನ್ಯೂಗಿನಿ ಕಡೆ ಪ್ಲಸ್ ಎಂಬತ್ತರ ಮೇಲಿದೆ. ಅಷ್ಟು ದೊಡ್ಡ ತಪ್ಪಾದ್ರೆ ಕಣ್ಣಿಗೆ ಹೊಡೆಯುತ್ತೆ, ಸಿಕ್ಕಿಬೀಳ್ತೀರಿ. ಮುಳುಗಿಸೋದು ಅರ್ಧ ಮುಕ್ಕಾಲು ಮೀಟರಿನ ತಪ್ಪು, ಅದು ಸದ್ದಿಲ್ದೆ ಕೂತಿರುತ್ತೆ.

ಸುಮ್ನೆ_ಓದುಗ

ನಾನು ಈ ಫೀಲ್ಡ್‌ನವನಲ್ಲ, ಕುತೂಹಲಕ್ಕೆ ಓದ್ತಿದೀನಿ, ದಡ್ಡ ಪ್ರಶ್ನೆ ಆದ್ರೆ ಕ್ಷಮಿಸಿ. ಎಲ್ಲಾ ಆದ ಮೇಲಿನ ಚಿತ್ರ, ಹಳೇ ಎತ್ತರ ಇದನ್ನೇ ಹೇಳ್ತಿದೀರಿ. ಮುನ್ಸೂಚನೆ ಅಂದ್ರೆ ನಾಳೆದಲ್ವಾ? ನಾಳೆ ನೀರು ಬರುತ್ತೆ ಅಂತ ಇವತ್ತು ಮೇಲಿಂದ ಏನಾದ್ರೂ ಕಾಣುತ್ತಾ?

ಅಲೆಲೆಕ್ಕ

ದಡ್ಡ ಪ್ರಶ್ನೆ ಏನಲ್ಲ, ಇಡೀ ಥ್ರೆಡ್‌ನಲ್ಲಿ ಸರಿಯಾದ ಪ್ರಶ್ನೆ ಇದೇ.

ಸರ್ಜ್ ಹುಟ್ಟೋದು ಮುಖ್ಯವಾಗಿ ಗಾಳಿಯಿಂದ. ಒತ್ತಡ ಕಮ್ಮಿ ಆದ್ರೂ ನೀರು ಏರುತ್ತೆ, ಒಂದು ಹೆಕ್ಟೊಪಾಸ್ಕಲ್ ಇಳಿದ್ರೆ ಸುಮಾರು ಒಂದು ಸೆಂಟಿಮೀಟರ್, ಅಂದ್ರೆ 50 ಇಳಿದ್ರೂ ಅರ್ಧ ಮೀಟರ್ ಅಷ್ಟೇ. ಉಳಿದಿದ್ದೆಲ್ಲ ಗಾಳಿ ನೀರನ್ನ ದಡದ ಕಡೆ ತಳ್ಳಿ ಗುಡ್ಡೆ ಹಾಕೋದು. ಕಡಲು ಆಳ ಇದ್ರೆ ನೀರು ಅಡಿಯಿಂದ ವಾಪಸ್ ಹರಿದು ಹೋಗುತ್ತೆ, ಅಗಲವಾಗಿ ಆಳ ಇಲ್ದೆ ಇದ್ರೆ ವಾಪಸ್ ಹೋಗೋಕೆ ಜಾಗ ಇಲ್ಲ, ಏರ್ತಾ ಹೋಗುತ್ತೆ. ಬಂಗಾಳ ಕೊಲ್ಲಿಯ ತಲೆಭಾಗ ಅಷ್ಟು ಅಪಾಯ ಆಗಿರೋದು ಅದಕ್ಕೇ.

ಹಾಗಾಗಿ ನಾಳೆಯ ನೆರೆಗೆ ಇವತ್ತು ಬೇಕಾಗಿರೋದು ಕಡಲ ಮೇಲಿನ ಗಾಳಿ. ಅಲ್ಲಿ ಯಾರೂ ಅಳತೆಯಂತ್ರ ಹಿಡ್ಕೊಂಡು ನಿಂತಿರಲ್ಲ. ಸ್ಕ್ಯಾಟರೋಮೀಟರ್ ಅಂತ ಒಂದು ರೇಡಾರ್ ಬರುತ್ತೆ, ಮೆಟ್‌ಆಪ್‌ನಲ್ಲಿರೋ ಆಸ್ಕ್ಯಾಟ್, ಇಸ್ರೋದ ಓಷನ್‌ಸ್ಯಾಟ್ ಸರಣಿಯಲ್ಲಿರೋದು, ಇವು ಸಣ್ಣ ಅಲೆಗಳ ಒರಟುತನ ನೋಡಿ ಗಾಳಿ ಎಷ್ಟು ಜೋರು ಯಾವ ದಿಕ್ಕು ಅಂತ ಹೇಳ್ತವೆ. ಗಾಳಿ ತೀರಾ ಜೋರಾದ್ರೆ ಅವುಗಳ ಸಿಗ್ನಲ್ ಮೊಂಡಾಗುತ್ತೆ, ಆಗ ಸೆಂಟಿನೆಲ್-1ರ ವಿಎಚ್ ಚಾನೆಲ್ (ಲಂಬವಾಗಿ ಕಳಿಸಿ ಅಡ್ಡವಾಗಿ ಕೇಳೋ ಸಿಗ್ನಲ್) ಸಹಾಯಕ್ಕೆ ಬರುತ್ತೆ, ಹೌದು ನಮ್ಮ ಮರಳುದಿಬ್ಬ ನೀರು ಹುಡುಕ್ತಿರೋ ಅದೇ ಉಪಗ್ರಹ. 2016ರ ಡಿಸೆಂಬರ್‌ನಲ್ಲಿ ನಾಸಾ ಸಿಗ್ನಸ್ ಅಂತ ಎಂಟು ಪುಟಾಣಿ ಉಪಗ್ರಹ ಬಿಡ್ತು, ಅವು ತಾವೇ ಸಿಗ್ನಲ್ ಬಿಡೋದಿಲ್ಲ, ಜಿಪಿಎಸ್ ಸಿಗ್ನಲ್ ಕಡಲಿಗೆ ಬಡಿದು ಬರೋದನ್ನ ಕೇಳಿಸ್ಕೋತವೆ, ಜೋರು ಮಳೆಯಲ್ಲೂ ಗಾಳಿ ಗೊತ್ತಾಗುತ್ತೆ. ನನಗೆ ಅದು ಭಾರೀ ಇಷ್ಟ, ಬೇರೆಯವರ ದೀಪದಲ್ಲಿ ಓದೋ ಹುಡುಗರ ಥರ.

ಆಮೇಲೆ ಆಲ್ಟಿಮೀಟರ್. 1992ರ ಟೋಪೆಕ್ಸ್/ಪೊಸೈಡನ್‌ನಿಂದ ಶುರುವಾಗಿ ಜೇಸನ್‌ಗಳು, ಈಗ ಸೆಂಟಿನೆಲ್-6, ಮೇಲಿಂದ ಕಡಲಿನ ಎತ್ತರವನ್ನೇ ಕೆಲವು ಸೆಂಟಿಮೀಟರ್ ನಿಖರತೆಯಲ್ಲಿ ಅಳೀತಿವೆ. ಬಿಸಿನೀರಿನ ಆಳವಾದ ಸುಳಿ ಇರೋ ಕಡೆ ಕಡಲು ಸ್ವಲ್ಪ ಉಬ್ಬಿರುತ್ತೆ, ಅದರ ಮೇಲೆ ಚಂಡಮಾರುತ ಹಾದ್ರೆ ಬಲ ಬರುತ್ತೆ. 2005ರ ಕತ್ರೀನಾ ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಅಂಥಾ ಬಿಸಿನೀರಿನ ಮೇಲೆ ಹಾದೇ ಅಷ್ಟು ಬಲಿತಿದ್ದು, ಆಲ್ಟಿಮೀಟರ್ ನಕ್ಷೆಯಲ್ಲಿ ಆ ಉಬ್ಬು ಸ್ಪಷ್ಟವಾಗಿ ಕಾಣ್ತಿತ್ತು. 2022ರ ಡಿಸೆಂಬರ್ 16ಕ್ಕೆ ಹೋದ ಸ್ವಾಟ್ ಇನ್ನೂ ಒಂದು ಹೆಜ್ಜೆ ಮುಂದೆ, ಹಳೇವು ಕಾಲಡಿಯ ಒಂದು ಗೆರೆ ಮಾತ್ರ ನೋಡ್ತಿದ್ವು, ಇದು ಎಡಕ್ಕೊಂದು ಬಲಕ್ಕೊಂದು 50 ಕಿಲೋಮೀಟರ್ ಅಗಲದ ಪಟ್ಟಿ ನೋಡುತ್ತೆ, ನದಿಮುಖ ಅಳಿವೆ ಒಳಗೂ ನೀರಿನ ಎತ್ತರ ಸಿಗುತ್ತೆ. ಆದ್ರೆ ವಾಪಸ್ ಬರೋದು 21 ದಿನಕ್ಕೆ, ಉಬ್ಬರಇಳಿತ ಅವರು ಹೇಳಿದ ಗಂಟೆ ಸಮಸ್ಯೆ ಇಲ್ಲೂ ಇದ್ದೇ ಇದೆ.

ಇನ್ನೊಂದು ಮಾತು. ಗಾಳಿ ಅಳತೆ ಎಷ್ಟೇ ಚೆನ್ನಾಗಿದ್ರೂ ಚಂಡಮಾರುತ ದಡ ಮುಟ್ಟೋ ಜಾಗ ಸ್ವಲ್ಪ ಆಚೀಚೆ ಆದ್ರೆ ಎಲ್ಲಾ ತಲೆಕೆಳಗು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಬಂದಾಗ ಫ್ಲಾರಿಡಾದ ಫೋರ್ಟ್ ಮಯರ್ಸ್ ಬೀಚ್ ಕಡೆ 3ರಿಂದ 4.5 ಮೀಟರ್ ನೀರು ಏರ್ತು, ಅದೇ ಕರಾವಳಿಯಲ್ಲಿ ಮೇಲಕ್ಕಿರೋ ಟ್ಯಾಂಪಾ ಕೊಲ್ಲಿಯಲ್ಲಿ ಗಾಳಿ ಉಲ್ಟಾ ಬೀಸಿ ನೀರೇ ಖಾಲಿಯಾಗಿ ತಳ ಕಾಣ್ತು, ಜನ ಇಳಿದು ನಡೆದಾಡಿದ್ರು. ಅದಕ್ಕೇ ಒಂದೇ ಉತ್ತರ ಕೊಡೋ ಮಾಡೆಲ್ ನಂಬ್ಬೇಡಿ, ಹತ್ತಾರು ಪಥ ಓಡ್ಸಿ ಎಲ್ಲಿ ಎಷ್ಟು ಸಾಧ್ಯತೆ ಅಂತ ಹೇಳ್ಬೇಕು.

ಪಿಕ್ಸೆಲ್_ಪ್ರಿಯ

ಇಷ್ಟೆಲ್ಲ ಫಿಸಿಕ್ಸ್ ಯಾಕೆ ಗುರೂ? ಗಾಳಿ, ಒತ್ತಡ, ಉಬ್ಬರ ಒಂದು ಕಡೆ ಹಾಕಿ, ಹಳೇ ನೆರೆಗಳ ಉಪಗ್ರಹ ಚಿತ್ರ ಇನ್ನೊಂದು ಕಡೆ ಹಾಕಿ, ಡೀಪ್ ಲರ್ನಿಂಗ್‌ಗೆ ಕೊಟ್ರೆ ಅದೇ ಕಲಿಯುತ್ತೆ. ಸೆನ್1ಫ್ಲಡ್ಸ್11 ಇದೆಯಲ್ಲ, ರೆಡಿ ಡೇಟಾಸೆಟ್.

ಉಬ್ಬರಇಳಿತ

ಸೆನ್1ಫ್ಲಡ್ಸ್11ರಲ್ಲಿ 4,831 ಚಿತ್ರದ ತುಂಡುಗಳು, 11 ನೆರೆಗಳು. ಅದು ಈ ಚಿತ್ರದಲ್ಲಿ ನೀರು ಎಲ್ಲಿದೆ ಅಂತ ಗುರ್ತಿಸೋಕೆ ಮಾಡಿದ್ದು, ನಾಳೆ ಎಲ್ಲಿ ಬರುತ್ತೆ ಅನ್ನೋಕಲ್ಲ. ಎರಡೂ ಬೇರೆ ಬೇರೆ ಕೆಲಸ ಮಾರಾಯ್ರೆ, ಈ ಥ್ರೆಡ್ ಶುರುವಾಗಿದ್ದೇ ಆ ಗೊಂದಲದಿಂದ.

ಅಲೆಲೆಕ್ಕ

ಮತ್ತೆ ಒಂದೇ ಕರಾವಳಿಗೆ ದೊಡ್ಡ ಸರ್ಜ್ ಎಷ್ಟು ಸಲ ಬರುತ್ತೆ? ಹತ್ತಿಪ್ಪತ್ತು ವರ್ಷಕ್ಕೊಂದು ಅಂತಿಟ್ಕೊಳ್ಳಿ. ಸೆಂಟಿನೆಲ್-1 ಹಾರಿದ್ದೇ 2014ರಲ್ಲಿ. ನಿಮ್ಮ ನೆಟ್‌ವರ್ಕ್‌ಗೆ ಕಲಿಯೋಕೆ ಸಿಗೋದು ಒಂದೋ ಎರಡೋ, ಅದೂ ಪೀಕ್ ತಪ್ಪಿಸ್ಕೊಂಡು ತೆಗೆದ ಚಿತ್ರ. ನೋಡಿರೋದು ಮೊಣಕಾಲುದ್ದದ ನೀರು, ಕೇಳೋದು ತಲೆ ಮೇಲಿಂದು.

ಎಐ ಬೇಡ ಅಂತಿಲ್ಲ. ಫಿಸಿಕ್ಸ್ ಮಾಡೆಲ್‌ನಲ್ಲಿ ಸಾವಿರಾರು ಸುಳ್ಳು ಚಂಡಮಾರುತ ಓಡ್ಸಿ, ಅದರ ಉತ್ತರದ ಮೇಲೆ ನೆಟ್‌ವರ್ಕ್ ಟ್ರೇನ್ ಮಾಡಿ, ಗಂಟೆಗಟ್ಲೆ ಆಗೋ ಲೆಕ್ಕ ಸೆಕೆಂಡ್‌ನಲ್ಲಿ ಬರುತ್ತೆ, ಎಷ್ಟು ಪಥ ಬೇಕಾದ್ರೂ ಓಡ್ಸಬಹುದು. ಅದು ಒಳ್ಳೇ ಉಪಯೋಗ. ಕೋಸ್ಟಲ್‌ಡೆಮ್ ಕೂಡ ಎಐ ಕೆಲಸವೇ.

ಪಿಕ್ಸೆಲ್_ಪ್ರಿಯ

ಸರಿ ಸರಿ, ಸುಳ್ಳು ಚಂಡಮಾರುತದ ಐಡಿಯಾ ಒಪ್ದೆ. ಆದ್ರೆ ಆ ಫಿಸಿಕ್ಸ್ ಮಾಡೆಲ್ಲೇ ತಪ್ಪಿದ್ರೆ ನೆಟ್‌ವರ್ಕ್ ಆ ತಪ್ಪನ್ನೇ ಭಾರೀ ಸ್ಪೀಡಾಗಿ ಹೇಳುತ್ತೆ ಅಷ್ಟೇ ಅಲ್ವಾ?

ಮಟ್ಟಗೋಲು

ಅದಕ್ಕೇ ಡೆಮ್ ಅಂತ ಬಡ್ಕೊಳ್ಳೋದು.

ತೀರರೇಖೆ

ತಡವಾಗಿ ಬಂದೆ. ನೆಲದ ಎತ್ತರ ಆಯ್ತು, ನೀರೊಳಗಿನ ನೆಲದ ಬಗ್ಗೆ ಒಬ್ರೂ ಮಾತಾಡಿಲ್ಲ. ಅಲೆಲೆಕ್ಕ ಹೇಳಿದ ಹಾಗೆ ಆಳ ಕಮ್ಮಿ ಇದ್ದಷ್ಟೂ ಸರ್ಜ್ ಜಾಸ್ತಿ, ಅಂದ್ಮೇಲೆ ದಡದ ಹತ್ತಿರದ ಆಳ ತಪ್ಪಿದ್ರೆ ಎಲ್ಲಾ ತಪ್ಪು. ಹಡಗು ಹೋಗಿ ಅಳೆಯೋದು ಬಂದರಿನ ದಾರಿ ಮಾತ್ರ, ಮೊಣಕಾಲಿಂದ ಹತ್ತು ಮೀಟರ್ ಆಳದ ತನಕ ಇರೋ ಪಟ್ಟಿಗೆ ಹಡಗೂ ಹೋಗಲ್ಲ ಮನುಷ್ಯನೂ ಹೋಗಲ್ಲ.

ಅಲ್ಲಿ ಸೆಂಟಿನೆಲ್-2 ಚಿತ್ರದ ನೀಲಿ ಹಸಿರು ಬ್ಯಾಂಡ್ ಅನುಪಾತದಿಂದ ಆಳ ಅಂದಾಜು ಮಾಡ್ತಾರೆ, ನೀರಿಗಿಳಿದ ಬೆಳಕಲ್ಲಿ ಹಸಿರು ಬೇಗ ಹೀರಿಹೋಗುತ್ತೆ ನೀಲಿ ಆಳಕ್ಕೆ ಹೋಗುತ್ತೆ ಅನ್ನೋ ಲೆಕ್ಕ. ಐಸ್‌ಸ್ಯಾಟ್-2 ಹಸಿರು ಲೇಸರ್ ಅಂತೂ, 2018ರಲ್ಲಿ ಹೋಗಿದ್ದು, ಸೆಕೆಂಡಿಗೆ 10,000 ಸಲ ಮಿಣುಕುತ್ತೆ, ಮಂಜುಗಡ್ಡೆ ಅಳೆಯೋಕೆ ಅಂತ ಮಾಡಿದ್ದು, ತಿಳಿನೀರಲ್ಲಿ 30-40 ಮೀಟರ್ ತಳ ಮುಟ್ಟಿ ವಾಪಸ್ ಬರುತ್ತೆ ಅಂತ ಆಮೇಲೆ ಗೊತ್ತಾಯ್ತು. ಎರಡನ್ನೂ ಸೇರಿಸಿದ್ರೆ, ಲೇಸರ್ ಗೆರೆ ಮೇಲೆ ಸರಿಯಾದ ಆಳ, ಮಧ್ಯದ ಜಾಗಕ್ಕೆ ಬಣ್ಣದ ಅಂದಾಜು, ಕೆಲಸ ಆಗುತ್ತೆ. ಕೆಸರು ನೀರಿದ್ರೆ ಮಾತ್ರ ಎರಡೂ ಕೈ ಎತ್ತುತ್ತವೆ. ದುರದೃಷ್ಟಕ್ಕೆ ಸರ್ಜ್ ಜಾಸ್ತಿ ಕಾಡೋ ನದಿಮುಖಜಭೂಮಿಗಳಲ್ಲೇ ಕೆಸರು.

ಕೆಸರಿದ್ರೆ ನೀರಂಚಿನ ಉಪಾಯ ಇದೆ. ಒಂದೇ ಜಾಗದ ನೂರಾರು ಚಿತ್ರ ತಗೊಂಡು, ಪ್ರತಿ ಚಿತ್ರದಲ್ಲೂ ನೀರಿನ ಅಂಚು ಎಳೆದು, ಆ ಹೊತ್ತಿನ ಉಬ್ಬರದ ಎತ್ತರ ಅದಕ್ಕೆ ಕೊಟ್ರೆ ಎತ್ತರದ ಗೆರೆಗಳು ಸಿಗ್ತವೆ. ಆಸ್ಟ್ರೇಲಿಯಾದವರು ಲ್ಯಾಂಡ್‌ಸ್ಯಾಟ್ ಭಂಡಾರದಿಂದ ಇಡೀ ಖಂಡದ ಉಬ್ಬರ ಬಯಲಿಗೆ ಹೀಗೇ ಮಾಡಿದಾರೆ. ಆದ್ರೆ ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದು ಬಂದಿದ್ದು. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಯಾವಾಗ್ಲೂ ಒಂದೇ ಸೂರ್ಯನ ಸಮಯಕ್ಕೆ ಬರೋದ್ರಿಂದ ಸರಿಯಾಗಿ 12 ಗಂಟೆಯ ಸೂರ್ಯನ ಉಬ್ಬರ ಅವಕ್ಕೆ ಯಾವಾಗ್ಲೂ ಒಂದೇ ಹಂತದಲ್ಲಿ ಕಾಣುತ್ತೆ. ಕೆಲವು ಕರಾವಳಿಯಲ್ಲಿ ಅತಿ ದೊಡ್ಡ ಉಬ್ಬರ ಎಷ್ಟು ವರ್ಷ ಕಾದ್ರೂ ಚಿತ್ರದಲ್ಲಿ ಸಿಗಲ್ಲ, ಮೇಲ್ಗಡೆ ಪಟ್ಟಿ ಖಾಲಿ. ಟೋಪೆಕ್ಸ್‌ನವರು ಇದನ್ನ ಮೊದಲೇ ಯೋಚಿಸಿ 1336 ಕಿಲೋಮೀಟರ್ ಮೇಲೆ 66 ಡಿಗ್ರಿ ಓರೆಯಲ್ಲಿ, ಸೂರ್ಯನ ಹಂಗಿಲ್ಲದ ಕಕ್ಷೆ ಆರಿಸಿದ್ರು. ಉಬ್ಬರದ ಜಾಗತಿಕ ನಕ್ಷೆ ಇವತ್ತು ಇಷ್ಟು ಚೆನ್ನಾಗಿರೋದು ಆ ಒಂದು ತೀರ್ಮಾನದಿಂದ.

ರೇಡಾರ್_ರಂಗ

ನಾನೂ ಒಂದು ಸೇರಿಸ್ತೀನಿ, ನೆಲ ಕುಸಿಯೋದು. ಕಡಲು ಏರ್ತಿರೋದು 1993ರಿಂದ ಸರಾಸರಿ ವರ್ಷಕ್ಕೆ ಮೂರು ಚಿಲ್ಲರೆ ಮಿಲಿಮೀಟರ್. ಅಂತರ್ಜಲ ಎತ್ತಿ ಎತ್ತಿ ಉತ್ತರ ಜಕಾರ್ತದ ಕೆಲವು ಭಾಗ ವರ್ಷಕ್ಕೆ 10 ಸೆಂಟಿಮೀಟರ್ ಮೀರಿ ಕುಸಿದಿದೆ. ಅಂಥಾ ಕಡೆ ಹತ್ತು ವರ್ಷ ಹಳೇ ಡೆಮ್ ಎಷ್ಟು ಚೆನ್ನಾಗಿದ್ರೂ ಒಂದು ಮೀಟರ್ ಸುಳ್ಳು. ಎರಡು ರೇಡಾರ್ ಚಿತ್ರದ ಅಲೆಯ ಹಂತ (ಫೇಸ್) ಹೋಲಿಸಿ ಕುಸಿತ ಮಿಲಿಮೀಟರ್ ಲೆಕ್ಕದಲ್ಲಿ ಅಳೀಬಹುದು. ಸಿ-ಬ್ಯಾಂಡ್ ಕಟ್ಟಡಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ, ಹಸಿರಿದ್ದ ಕಡೆ ಸಿಗ್ನಲ್ ಕಲಸೋಗುತ್ತೆ. 2025ರ ಜುಲೈ 30ಕ್ಕೆ ಹೋದ ನೈಸಾರ್ ರೇಡಾರ್ ಉಪಗ್ರಹದ ಮೇಲೆ ಅದಕ್ಕೇ ನನಗೆ ಆಸೆ. ನಾಸಾದ ಎಲ್-ಬ್ಯಾಂಡ್ 24 ಸೆಂಟಿಮೀಟರ್ ಅಲೆ, ಜೊತೆಗೆ ಇಸ್ರೋದ ಎಸ್-ಬ್ಯಾಂಡ್, ಎಲೆಗಳನ್ನ ದಾಟಿ ಕೆಳಗೆ ಹೋಗುತ್ತೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಳಗೆ ನಿಂತ ನೀರೂ ಅದರಲ್ಲಿ ಚೆನ್ನಾಗಿ ಕಾಣ್ಬೇಕು.

ಮರಳುದಿಬ್ಬ

ಎರಡು ವಾರ ಆದ್ಮೇಲೆ ವರದಿ ಒಪ್ಪಿಸ್ತಿದೀನಿ. ನೀವು ಹೇಳಿದ ಪ್ರಕಾರ ಮಾಡ್ದೆ.

ಚಿತ್ರ ಒಂದೂ ಹೊಸದು ಹಾಕಿಲ್ಲ. ಮೊದಲು ಉಪಗ್ರಹ ಹಾದ ಗಂಟೆಗೆ ಮಾಡೆಲ್ ತೆಗೆದೆ, ಡೆಲ್ಟಾಡಿಟಿಎಂ ಹಾಕಿದೆ, ಅಷ್ಟಕ್ಕೇ ಗುರ್ತು ಸಿಗದಷ್ಟು ಬದಲಾಯ್ತು. ಡೇಟಮ್ ವಿಷಯ ಹೇಳೋಕೆ ನಾಚಿಕೆ ಆಗುತ್ತೆ. ಉಬ್ಬರದ ಮಟ್ಟ ಅಲ್ಲಿ ಇಳಿತದಲ್ಲಿ ನೀರು ಅತಿ ಕೆಳಗೆ ಹೋಗೋ ಮಟ್ಟವನ್ನ ಸೊನ್ನೆ ಅಂತ ಇಟ್ಕೊಂಡಿದ್ದು, ನಾನು ಅದನ್ನ ಸರಾಸರಿ ಕಡಲಮಟ್ಟ ಅಂದ್ಕೊಂಡು ಹಾಗೇ ಸುರಿದಿದ್ದೆ. ಅಂದ್ರೆ ನೆಲ ಎರಡು ಮೀಟರ್ ಮೇಲೆ, ನೀರೂ ಮೀಟರ್‌ಗಟ್ಲೆ ಮೇಲೆ, ಎರಡು ತಪ್ಪೂ ಒಂದನ್ನೊಂದು ತಿಂದುಕೊಂಡು ಅಲ್ಲಲ್ಲಿ ಉತ್ತರ ಸರಿ ಬರ್ತಿತ್ತು. ಅದನ್ನ ನೋಡ್ಕೊಂಡು ನಾನು ಹಿಗ್ಗಿದ್ದೆ!

ಈಗ ಉಳಿದಿರೋದು ಒಂದೇ ಜಾಗ. ಉದ್ದಕ್ಕೂ ಒಂದು ಮಣ್ಣಿನ ಒಡ್ಡು ಇದೆ, ಅದರ ಹಿಂದಿನ ಬಯಲು ಚಿತ್ರದಲ್ಲಿ ಒಣಗಿದೆ, ಮಾಡೆಲ್‌ನಲ್ಲಿ ಪೂರ್ತಿ ಮುಳುಗಿದೆ.

ಮಟ್ಟಗೋಲು

ಒಡ್ಡು ಎಷ್ಟು ಅಗಲ?

ಮರಳುದಿಬ್ಬ

ಹೈ ರೆಸಲ್ಯೂಷನ್ ಚಿತ್ರದಲ್ಲಿ ನೋಡಿದ್ರೆ ನಾಲ್ಕೈದು ಮೀಟರ್.

ಮಟ್ಟಗೋಲು

30 ಮೀಟರ್ ಪಿಕ್ಸೆಲ್‌ನಲ್ಲಿ ಐದು ಮೀಟರ್ ಒಡ್ಡು ಕರಗಿಹೋಗಿರುತ್ತೆ, ಪಿಕ್ಸೆಲ್‌ಗೆ ಸರಾಸರಿ ಮಾತ್ರ ಗೊತ್ತು. ಎಷ್ಟೇ ಒಳ್ಳೇ ಡೆಮ್ ತಂದ್ರೂ ಇದು ಸಿಗಲ್ಲ. ಒಡ್ಡನ್ನ ಗೆರೆಯಾಗಿ ಬಿಡಿಸಿ ಮಾಡೆಲ್‌ನಲ್ಲಿ ತಡೆಗೋಡೆ ಥರ ಕೂರಿಸಿ, ಸ್ಫಿಂಕ್ಸ್‌ನಲ್ಲಿ ಆ ಸೌಲಭ್ಯ ಇದೆ. ಗೆರೆ ಚಿತ್ರದಿಂದ ಸಿಗುತ್ತೆ. ಎತ್ತರಕ್ಕೆ ಐಸ್‌ಸ್ಯಾಟ್-2ರ ಗೆರೆ ಎಲ್ಲಾದ್ರೂ ಒಡ್ಡನ್ನ ಅಡ್ಡ ದಾಟಿದೆಯಾ ನೋಡಿ, 70 ಸೆಂಟಿಮೀಟರ್‌ಗೊಂದು ಮಿಣುಕು ಬೀಳುತ್ತೆ, ಅದೃಷ್ಟ ಇದ್ರೆ ತಲೆ ಮೇಲೇ ಕೆಲವು ಫೋಟಾನ್ ಕೂತಿರ್ತವೆ.

ಮರಳುದಿಬ್ಬ

ಎರಡು ಕಡೆ ದಾಟಿದೆ!! ಒಂದು ಕಡೆ ಪಕ್ಕದ ಬಯಲಿಗಿಂತ ಎರಡೂಕಾಲು ಮೀಟರ್ ಎತ್ತರ ತೋರಿಸ್ತಿದೆ, ಇನ್ನೊಂದು ಕಡೆ ಒಂದೂವರೆ. ಮಧ್ಯದ ಮೂರು ಕಿಲೋಮೀಟರ್‌ಗೆ ಏನಿಡೋದು? ಸರಾಸರಿ ಇಡ್ಲಾ?

ಉಬ್ಬರಇಳಿತ

ಸರಾಸರಿ ಇಟ್ಟೀರಾ ಜೋಕೆ. ಒಡ್ಡು ದಾಟೋ ನೀರು ಅತಿ ತಗ್ಗಿರೋ ಜಾಗ ಹುಡುಕ್ಕೊಂಡು ದಾಟುತ್ತೆ, ಅದಕ್ಕೆ ಸರಾಸರಿ ಗೊತ್ತಿಲ್ಲ.

ಸುಮ್ನೆ_ಓದುಗ

ಮತ್ತೆ ದಡ್ಡ ಪ್ರಶ್ನೆ. ಆ ಒಡ್ಡಿನ ಮೇಲೆ ಯಾರಾದ್ರೂ ನಡ್ಕೊಂಡು ಹೋಗಿ ಅಳೀಬಾರ್ದಾ? ಮೂರು ಕಿಲೋಮೀಟರ್ ತಾನೆ?

ಮಟ್ಟಗೋಲು

😀

ಮರಳುದಿಬ್ಬ

ಎಂಟು ತಿಂಗಳಿಂದ ಏಳುನೂರು ಕಿಲೋಮೀಟರ್ ಮೇಲಿಂದ ನೋಡ್ತಿದೀನಿ, ಇದು ಹೊಳೀಲೇ ಇಲ್ಲ ನೋಡಿ. ಸರ್ವೆ ಮಾಡೋ ಗೆಳೆಯನ ಹತ್ರ ಆರ್‌ಟಿಕೆ ಜಿಪಿಎಸ್ (ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯೋದು) ಕೇಳಿದೀನಿ, ಶನಿವಾರ ಕೊಡ್ತೀನಿ ಅಂದಿದಾನೆ. ಇಳಿತ ಬೆಳಗ್ಗೆ ಇದೆ, ಆ ಹೊತ್ತಿಗೆ ಹೋಗ್ತೀನಿ.

ಮಟ್ಟಗೋಲು

ಹೋದಾಗ ಒಡ್ಡಿನ ಕೆಳಗೆ ನೀರು ಹೋಗೋ ಪೈಪ್, ತೂಬು ಏನಾದ್ರೂ ಇದ್ರೆ ಅದರ ತಳದ ಮಟ್ಟಾನೂ ತಗೊಳ್ಳಿ. ಅದು ಯಾವ ಉಪಗ್ರಹಕ್ಕೂ ಕಾಣಲ್ಲ. ಮತ್ತೆ ಯಾವ ಡೇಟಮ್‌ನಲ್ಲಿ ಅಳೆದ್ರಿ ಅಂತ ಅಲ್ಲೇ ಬರ್ಕೊಳ್ಳಿ, ಮನೆಗೆ ಬಂದು ಅಲ್ಲ.